ಏಳನೆಯ ಕೈ

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಯನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ಅರ್ಧಕ್ಕೇ ಎದ್ದು ಹೋಗುತ್ತಿದ್ದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಳಂದದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸಿದವನು ನಾನು. ರಜೆ ಬಂತೆಂದರೆ ಜೇವರ್ಗಿ, ಅಫಜಲಪುರದ ಹಳ್ಳಿಗಳಿಗೆ ಹೋಗಿ, ಲಿಂಬೆಹಣ್ಣು ಕೊಯ್ದರೆ ರಕ್ತ ಬರುವುದು ಹೇಗೆ, ತೆಂಗಿನಕಾಯಿಗೆ ತಾನೇ ಬೆಂಕಿ ಹತ್ತುವುದು ಹೇಗೆ ಎಂದು ಮಾಡಿ ತೋರಿಸುತ್ತಿದ್ದೆ. ಮೈಮೇಲೆ ದೇವರು ಬಂತೆಂದವರ ಜೊತೆ ವಾದಕ್ಕಿಳಿದು ಎರಡು ಊರಲ್ಲಿ ಏಟು ತಿನ್ನುವುದು ಸ್ವಲ್ಪದರಲ್ಲಿ ತಪ್ಪಿದೆ. ಹಾಗಾಗಿ ನೀವು ಇದನ್ನು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ನಸೀಮಾ ನನ್ನ ಹಳೆಯ ವಿದ್ಯಾರ್ಥಿನಿ. ಊರು ಅತನೂರ, ಸೋದರತ್ತೆಯ ಮನೆಯಲ್ಲಿದ್ದು ನಮ್ಮ ಶಾಲೆಯಲ್ಲಿ ಓದಿದಳು. ಆಮೇಲೆ ಎಲ್ಲೋ ದೂರದಲ್ಲಿ ಚಿತ್ರಕಲೆ ಕಲಿತು, ಈಗ ವಿಡಿಯೊ, ಇನ್‌ಸ್ಟಲೇಷನ್ ಎಂದು ಏನೇನೋ ಮಾಡುತ್ತಾಳೆ. ದೊಡ್ಡ ಊರಿನ ಗ್ಯಾಲರಿಗಳಲ್ಲಿ ಆಗಿದ್ದ ಪ್ರದರ್ಶನವನ್ನು ಆಳಂದಕ್ಕೆ ತಂದಳು. "ನಮ್ಮ ಮಂದಿನೂ ನೋಡಬೇಕಲ್ರಿ ಸರ್" ಎಂದಳು. ನೋಡಲು ಬಂದವರಿಗೆ ನಾಲ್ಕು ಮಾತು ಹೇಳುವ ಕೆಲಸ ನನ್ನ ತಲೆಗೆ ಬಂತು.

ಮುಚ್ಚಿ ಹೋಗಿದ್ದ ಒಂದು ಹತ್ತಿ ಜಿನ್ನಿಂಗ್ ಶೆಡ್ಡೇ ನಮ್ಮ ಗ್ಯಾಲರಿ. ಕಿಟಕಿಗಳಿಗೆಲ್ಲ ಕರಿ ಬಟ್ಟೆ. ಮೇಲಿನ ಕಬ್ಬಿಣದ ತೊಲೆಗಳಿಂದ ಹದಿನಾಲ್ಕು ಹಳೆಯ ರೊಟ್ಟಿ ಹಂಚುಗಳನ್ನು ಇಳಿಬಿಟ್ಟಿದ್ದಳು. ನಡುವೆ ಬಿಳಿ ಧೋತರದ ಪರದೆ. ಅದರ ಮೇಲೆ ಹದಿನಾಲ್ಕು ಹೆಂಗಸರ ಕೈಗಳು ಒಂದಾದ ಮೇಲೊಂದು ಬಂದು ಜೋಳದ ರೊಟ್ಟಿ ಬಡಿದು ಹೋಗುತ್ತಿದ್ದವು. ಒಬ್ಬೊಬ್ಬರದು ಎರಡೆರಡು ನಿಮಿಷ, ಮುಗಿದರೆ ಮತ್ತೆ ಮೊದಲಿನಿಂದ. ಕೈ ಮಾತ್ರ. ಮುಖ ತೋರಿಸುವುದಿಲ್ಲ, ಹೆಸರು ಹಾಕುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದಳಂತೆ. ಸಪ್ಪಳವೂ ಇಲ್ಲ. ಅದು ನೋಡುವವರ ಮನಸ್ಸಿನಲ್ಲಿ ಹುಟ್ಟಬೇಕು ಎಂಬುದು ಅವಳ ವಿಚಾರ. ಶೆಡ್ಡಿನಲ್ಲಿ ಸ್ಪೀಕರನ್ನೇ ಇಟ್ಟಿರಲಿಲ್ಲ.

ಬಂದವರದೆಲ್ಲ ಒಂದೇ ಪ್ರಶ್ನೆ, "ಆವಾಜ್ ಯಾಕ ಬರವಲ್ದ್ರಿ ಸರ್, ಮಷಿನ್ ಕೆಟ್ಟದೇನು?" ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಯಿತು. ಒಬ್ಬ ಮನುಷ್ಯ, "ರೊಟ್ಟಿ ಬಡಿಯೋದು ನೋಡಾಕ ಇಲ್ಲಿತನಕ ಬರಬೇಕಾ? ಮನ್ಯಾಗ ದಿನಾ ನೋಡ್ತೇವಿ" ಎಂದು ಗೊಣಗಿದ. ಅವನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನೀವು ಯಾವಾಗ ನೋಡೀರಿ?" ಎಂದಳು. ನನಗೆ ನಗು ಬಂತು. ಎರಡು ದಿನ ಹೀಗೇ ಕಳೆಯಿತು.

ಇಲ್ಲಿ ನನ್ನ ಮನೆಯ ಒಂದು ಮಾತು ಹೇಳಲೇಬೇಕು. ನನಗೊಬ್ಬಳು ಅಕ್ಕ, ಶಾಂತಾ. ನನಗೆ ನೌಕರಿ ಸಿಕ್ಕ ಎರಡನೆಯ ವರ್ಷ ಅವಳು ನಮ್ಮ ಮನೆ ಕಟ್ಟಲು ಬಂದಿದ್ದ ಗೌಂಡಿಯೊಬ್ಬನನ್ನು ಮೆಚ್ಚಿ ಅವನ ಹಿಂದೆ ಹೋದಳು. ಹಿರೋಳ್ಳಿಯವನು. ಒಳ್ಳೆಯ ಕೆಲಸಗಾರ, ಕುಡಿಯುತ್ತಿರಲಿಲ್ಲ. ಅವನ ಜಾತಿ ನಮ್ಮದಲ್ಲ, ಊರವರ ಲೆಕ್ಕದಲ್ಲಿ ನಮಗಿಂತ ಕೆಳಗಿನದು. ದೇವರಿಲ್ಲ, ದೆವ್ವವಿಲ್ಲ ಎಂದು ಊರೂರು ತಿರುಗಿದ ನಾನು ಜಾತಿಯನ್ನು ಮಾತ್ರ ನಂಬಿದ್ದೆ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ಅವಳು ಹೋದ ಆರು ತಿಂಗಳಿಗೆ ಶಾಲೆಯ ಆಫೀಸಿಗೆ ಫೋನು ಬಂತು. "ತಮ್ಮಾ, ಅವ್ವ ಹೆಂಗಿದ್ದಾಳ?" ಎಂದಳು. "ನಿನ್ನ ಹೆಸರು ತಗೊಂಡ್ರ ಅವ್ವ ಊಟ ಬಿಟ್ಟು ಏಳ್ತಾಳ. ಇನ್ನೊಮ್ಮೆ ಫೋನ್ ಮಾಡಬ್ಯಾಡ" ಎಂದು ಇಟ್ಟುಬಿಟ್ಟೆ. ಅದು ಶುದ್ಧ ಸುಳ್ಳು. ಅವ್ವ ದಿನಕ್ಕೊಮ್ಮೆಯಾದರೂ, "ಶಾಂತಾನ ಸುದ್ದಿ ಏನರ ಬಂತೇನೋ?" ಎಂದು ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಅವಳು ಕೇಳುವುದನ್ನು ಬಿಟ್ಟಳು. ಆಮೇಲೆ ಸಕ್ಕರೆ ಕಾಯಿಲೆಯಿಂದ ಅವಳ ಎರಡೂ ಕಣ್ಣು ಹೋದವು. ಬೆಳಕು ಕತ್ತಲೆ ಕೂಡ ತಿಳಿಯುತ್ತಿರಲಿಲ್ಲ.

ಮೂರನೆಯ ದಿನ ರವಿವಾರ. ಹೆಂಡತಿ ತವರಿಗೆಂದು ಗೊಬ್ಬೂರಿಗೆ ಹೋಗಿದ್ದಳು. ಅವ್ವನನ್ನು ಒಬ್ಬಳೇ ಬಿಡುವಂತಿರಲಿಲ್ಲ. ಆಟೋದಲ್ಲಿ ಕೂರಿಸಿಕೊಂಡು ಶೆಡ್ಡಿಗೆ ಕರೆತಂದು, ಪರದೆಯ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ಪರದೆಯ ಮೇಲೆ ಏನಿದೆ ಎಂದು ಹೇಳಿರಲಿಲ್ಲ. ಕಣ್ಣಿಲ್ಲದವಳಿಗೆ ಹೇಳಿ ಏನು ಮಾಡುವುದು ಎಂದುಕೊಂಡೆ. ಮಧ್ಯಾಹ್ನದ ಹೊತ್ತು, ಜನ ಇರಲಿಲ್ಲ. ನಸೀಮಾ ಊಟಕ್ಕೆ ಹೋಗಿದ್ದಳು.

ಅವ್ವ ಒಮ್ಮೆಲೇ ತಲೆ ಎತ್ತಿದಳು.

"ಶಾಂತಾ ರೊಟ್ಟಿ ಬಡ್ಯಾಕತ್ತಾಳ."

"ಎಲ್ಲಿ ಶಾಂತಾ ಅವ್ವಾ? ಬಾಜೂಕ ಗ್ಯಾರೇಜ್ ಅದ, ಅದರ ಸಪ್ಪಳ ಇರಬೇಕು" ಎಂದೆ.

"ಹುಚ್ಚಾ, ನನಗ ಕಣ್ಣು ಹೋಗ್ಯಾವ, ಕಿವಿ ಹೋಗಿಲ್ಲ. ಕೇಳು. ಮೂರು ಬಡೀತಾಳ, ನಿಂದರ್ತಾಳ, ಅಂಚಿಗಿ ಸಣ್ಣಂಗ ಎರಡು. ಹಿಟ್ಟು ಒಣಗ್ತದವ್ವ, ನಿಂತು ನಿಂತು ಬಡೀಬ್ಯಾಡ ಅಂತ ಎಷ್ಟು ಬೈದೀನಿ. ಇನ್ನಾ ಬಿಟ್ಟಿಲ್ಲ ನೋಡು."

ಹೀಗೆನ್ನುತ್ತಾ ಕುರ್ಚಿಯ ತೋಳಿನ ಮೇಲೆ ಬೆರಳಿನಿಂದ ಬಡಿಯತೊಡಗಿದಳು. ನಾನು ಪರದೆ ನೋಡಿದೆ. ಏಳನೆಯ ಕೈ ಬಂದಿತ್ತು. ಅವ್ವನ ಬೆರಳು ನಿಂತಾಗ ಆ ಕೈ ನಿಲ್ಲುತ್ತಿತ್ತು. ಅಂಚಿಗೆ ಎರಡು ಬಿದ್ದಾಗ ಇಲ್ಲಿಯೂ ಎರಡು. ಒಂದು ಕ್ಷಣವೂ ಹಿಂದೆಮುಂದೆ ಇಲ್ಲ. ಎಂಟನೆಯ ಕೈ ಬಂದೊಡನೆ ಅವ್ವನ ಬೆರಳು ಸುಮ್ಮನಾದವು. "ಎದ್ದು ಹೋದ್ಲು" ಎಂದಳು.

ನನ್ನ ಸ್ವಭಾವ ನೋಡಿ, ಅಂಥ ಹೊತ್ತಿನಲ್ಲೂ ಪರೀಕ್ಷೆಗೆ ಇಳಿದೆ. ಹೊರಗೆ ಹೋಗಿ ನೋಡಿದೆ, ಗ್ಯಾರೇಜಿಗೆ ಬೀಗ. ಪ್ರೊಜೆಕ್ಟರಿನ ವೈರುಗಳನ್ನೆಲ್ಲ ಹುಡುಕಿದೆ. ಅದಕ್ಕೆ ಕಿವಿ ಹಚ್ಚಿದೆ, ಫ್ಯಾನಿನ ಗುಂಯ್ ಎನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಅವ್ವನನ್ನು ಶೆಡ್ಡಿನ ಇನ್ನೊಂದು ಮೂಲೆಗೆ ಒಯ್ದು, ಪರದೆಗೆ ಬೆನ್ನು ಮಾಡಿ ಕೂರಿಸಿದೆ. ಅರ್ಧ ಗಂಟೆ ಕಳೆದು ಏಳನೆಯ ಕೈ ಬರುತ್ತಲೇ, "ಮತ್ತ ಕುಂತಳು ನೋಡು" ಎಂದಳು. ಮೂರನೆಯ ಸಲವೂ ಹಾಗೇ ಆಯಿತು.

ಎರಡು ದಿನ ಪೂರ್ತಿ ನಾನು ಆ ಕೈಯನ್ನು ನೋಡುತ್ತ ನಿಂತಿದ್ದೆ. ನನಗೆ ಗುರುತು ಸಿಕ್ಕಿರಲಿಲ್ಲ.

ನಸೀಮಾ ಬಂದಮೇಲೆ ಏಳನೆಯವಳು ಯಾರು ಎಂದು ಕೇಳಿದೆ. "ಹೇಳಂಗಿಲ್ರಿ ಸರ್, ಮಾತು ಕೊಟ್ಟೇನಿ" ಎಂದಳು. ಅವ್ವನ ಸಂಗತಿ ಹೇಳಿದೆ. ಆ ಹುಡುಗಿ ಫೋನು ತೆಗೆದುಕೊಂಡು ಹೊರಗೆ ಹೋದಳು. ತಿರುಗಿ ಬಂದಾಗ ಅವಳ ಕಣ್ಣು ಒದ್ದೆಯಾಗಿದ್ದವು. "ಹಿರೋಳ್ಳಿಯವರ್ರಿ. ಗಂಡ ತೀರಿಕೊಂಡಮ್ಯಾಲ ಸೊಲ್ಲಾಪುರ ಬಿಟ್ಟು ಅಲ್ಲೇ ಬಂದಿದ್ದಾರ. ಬರ್ರಿ ಅಂದ್ರು. ಆದ್ರ ಒಂದು ಮಾತು ಕೇಳ್ಯಾರ. ನಮ್ಮವ್ವ ಖರೇನ ನನ್ನ ಮನಿಗಿ ಬರ್ತಾಳೇನು, ಅಂತ."

ಮರುದಿನ ಬೆಳಿಗ್ಗೆ ಅವ್ವನನ್ನು ಕರೆದುಕೊಂಡು ಹಿರೋಳ್ಳಿಗೆ ಹೋದೆ. ಅಕ್ಕನ ಕೂದಲೆಲ್ಲ ಬೆಳ್ಳಗಾಗಿತ್ತು. ಅವ್ವ ಅವಳ ಮುಖ, ಹೆಗಲು, ಕೈ ಸವರಿ ಸವರಿ ನೋಡಿದಳು. ಇಬ್ಬರೂ ಬಿಕ್ಕಿ ಬಿಕ್ಕಿ ಅತ್ತರು. ನಾನು ಬಾಗಿಲ ಹತ್ತಿರವೇ ಕುಳಿತೆ. ಒಳಗೆ ಬಾ ಎಂದು ಅಕ್ಕನೇ ಕರೆದಳು.

ಸ್ವಲ್ಪ ಸಮಾಧಾನವಾದ ಮೇಲೆ, ವಿಡಿಯೊ ತೆಗೆದ ದಿನದ ಬಗ್ಗೆ ಕೇಳಿದೆ. ಎಲ್ಲೋ ಒಂದು ಕಾರಣ ಸಿಕ್ಕೀತೆಂಬ ಆಸೆ ನನಗಿನ್ನೂ ಇತ್ತು. ನಸೀಮಾ ಯಾವುದೋ ರೀತಿಯಲ್ಲಿ ಸದ್ದನ್ನೂ ಹಿಡಿದಿರಬೇಕು, ಅದು ನಮಗೆ ಕೇಳಿಸದೆ ಅವ್ವನಿಗೆ ಮಾತ್ರ ಕೇಳಿಸಿರಬೇಕು ಎಂದು ಏನೇನೋ ಲೆಕ್ಕ ಹಾಕಿಕೊಂಡಿದ್ದೆ. ಅಕ್ಕ ನಕ್ಕುಬಿಟ್ಟಳು.

"ಎಲ್ಲೀ ಸಪ್ಪಳೋ ತಮ್ಮಾ? ಮಗಳು ಬಾಣಂತನಕ್ಕ ಬಂದಿದ್ಲು. ಹಸುಗೂಸು ಇದೇ ಖೋಲಿಯೊಳಗ ಮಲಗಿತ್ತು. ಏಳ್ತದಂತ ರೊಟ್ಟಿ ಬಡಿಯೋ ಕಲ್ಲಿನ ಕೆಳಗ ಕೌದಿ ಮಡಚಿ ಇಟ್ಟು, ಬರೇ ಬೆರಳ ತುದೀಲೆ ತಟ್ಟೀನಿ. ನನಗ ಕೇಳಿಸಿಲ್ಲ ನನ್ನ ಸಪ್ಪಳ."

ಅಂದರೆ ಆ ಸದ್ದು ಯಾವತ್ತೂ ಹುಟ್ಟಿರಲೇ ಇಲ್ಲ. ನನ್ನ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು. ಆಮೇಲೆ ಕಿವಿಯ ಡಾಕ್ಟರನ್ನು ಕೇಳಿದೆ, ಪುಸ್ತಕ ತಿರುವಿದೆ, ಜೊತೆಯ ಮಾಸ್ತರರ ಹತ್ತಿರ ವಾದ ಮಾಡಿದೆ. ಕಾಕತಾಳೀಯ ಎಂದರು. ಮೂರು ಸಲವೂ ಕಾಕತಾಳೀಯವೇ ಎಂದರೆ ಮಾತು ಬದಲಿಸಿದರು.

ಅಂದು ಹೊರಡುವ ಮುನ್ನ ಅವ್ವ ಅಕ್ಕನ ಕೈ ಬಿಡದೆ ಕೇಳಿದಳು, "ಇಷ್ಟು ವರ್ಷದಾಗ ಒಂದು ಫೋನರ ಮಾಡಬಾರದಿತ್ತೇನವ್ವ? ತಮ್ಮನ ಸಾಲಿ ಆಫೀಸಿಗಿ ಮಾಡಿದ್ರೂ ನಡೀತಿತ್ತಲ್ಲ."

ಅಕ್ಕ ನನ್ನ ಮುಖ ನೋಡಿದಳು. ನಾನು ಕೆಳಗೆ ನೋಡಿದೆ.

"ನಂಬರ್ ಗೊತ್ತಿರಲಿಲ್ಲವ್ವಾ" ಎಂದಳು.

ಅವ್ವ ಮುಖ ತಿರುಗಿಸಿ ನಾನು ಕುಳಿತ ಕಡೆಗೇ ಬಹಳ ಹೊತ್ತು ಕಿವಿ ಕೊಟ್ಟು ಕುಳಿತಳು. ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಸದ್ದೇ ಇಲ್ಲದಲ್ಲಿ ಮಗಳ ಕೈಯನ್ನು ಕೇಳಿಸಿಕೊಂಡವಳಿಗೆ ನನ್ನ ಆ ಮೌನದಲ್ಲಿ ಏನು ಕೇಳಿಸಿತೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಬರುವಷ್ಟರಲ್ಲಿ ಅವ್ವ ಹೋಗಿಬಿಟ್ಟಳು.