ಅಜ್ಜಿ ಸಿಸ್ಟರ್‌ಗಳ ಪಂಕ್ತಿಯಲ್ಲಿ

“ಗಂಟು ಕಟ್ಟವಾ, ಊರಿಗೆ ಹೋಗೂಣು” ಎಂದು ಅವ್ವ ನಮ್ಮ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ನೆರವು ಕಚೇರಿಯಲ್ಲಿ ನಿಂತೇ ಹೇಳಿಬಿಟ್ಟಳು. ನಾವು ಉಗಾರದ ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಹಾಸ್ಟೆಲಿನಲ್ಲಿ ಊಟ ಬಡಿಸುತ್ತಿದ್ದುದು ರಾತ್ರಿ ಎಂಟಕ್ಕೆ. ಯಾರಿಗೂ ಹೇಳದೆ ಹಸಿದೇ ಮಲಗುತ್ತಿದ್ದ ನಾನು ಸೊರಗಿದ್ದನ್ನು ಕಂಡು ಅವ್ವ ಗಾಬರಿಯಾಗಿದ್ದಳು. ಎಂ.ಎಸ್ಸಿ. ಅರ್ಧಕ್ಕೇ ನಿಲ್ಲುತ್ತದೆಂದು ನನಗೆ ಅಳು ಬರುವಂತಾಗಿತ್ತು.

ಕಚೇರಿಯ ಸಿಸ್ಟರ್ ಎಲ್ಲ ಕೇಳಿ, “ನಮ್ಮ ಕಾನ್ವೆಂಟಿನಲ್ಲಿ ವಯಸ್ಸಾದ ಸಿಸ್ಟರ್‌ಗಳು ಸಂಜೆ ಐದೂವರೆಗೇ ಊಟ ಮಾಡ್ತಾರೆ. ಇವಳೂ ಅಲ್ಲಿಗೇ ಬರಲಿ ಅಮ್ಮಾ” ಎಂದರು.

ಅವ್ವ ಅಷ್ಟಕ್ಕೆ ಬಗ್ಗಲಿಲ್ಲ. “ಮಾಂಸ, ಉಳ್ಳಾಗಡ್ಡಿ, ಬಟಾಟಿ ಏನೂ ನಡ್ಯಾಂಗಿಲ್ರಿ ನಮಗ.”

“ಅವರಿಗೂ ನಡೆಯಲ್ಲ. ಡಾಕ್ಟರು ಎಲ್ಲ ಬಿಡಿಸಿ ಗಂಜಿ, ಹೆಸರುಬೇಳೆಗೆ ತಂದು ನಿಲ್ಲಿಸಿದ್ದಾರೆ!”

ಅವ್ವ ಜೋರಾಗಿ ನಕ್ಕಳು. “ಹಂಗಾರ ಅವ್ರೂ ನಮ್ಮ ಮಂದಿನ ಬಿಡ್ರಿ!” ಎಂದವಳು ಒಬ್ಬಳೇ ಊರಿನ ಬಸ್ಸು ಹತ್ತಿದಳು.

ಓದು ಮುಗಿಯುವವರೆಗೆ ಆ ಅಜ್ಜಿಯರ ಜೊತೆಗೇ ಉಂಡೆ. ಲ್ಯಾಬಿನಲ್ಲಿ ತಡವಾದರೆ ಅವರಲ್ಲೊಬ್ಬರು ಕೋಲೂರಿಕೊಂಡು ಬಾಗಿಲಿಗೆ ಬಂದು, ಇಳಿಯುತ್ತಿದ್ದ ಸೂರ್ಯನತ್ತ ಬೊಟ್ಟು ಮಾಡಿ ಗದರುತ್ತಿದ್ದರು. ನನ್ನ ನೇಮವನ್ನು ನನಗಿಂತ ಕಟ್ಟುನಿಟ್ಟಾಗಿ ಕಾದವರು ಅವರು.