ಸೋಮವಾರದ ಕೆಮ್ಮು

ಹರಿಹರದ ಮಗ್ಗುಲ ಗುತ್ತೂರಿನ ಕೊಟ್ರವ್ವ ಎರಡು ಸಲ ಸ್ವಿಟ್ಜರ್‌ಲ್ಯಾಂಡಿಗೆ ಹೋಗಿಬಂದವಳು ಎಂದರೆ ಹರಿಹರದಲ್ಲಿ ಈಗಲೂ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಜೊತೆಗೆ ಹೋದವಳು ನಾನು.

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಮ್ಮ ಮನೆ. ಅಪ್ಪನದು ಒಂದು ಹತ್ತಿ ಗಿರಣಿ. ಕೊಟ್ರವ್ವ ನಮ್ಮಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಅವಳ ಗಂಡ ಮೈಲಪ್ಪ ಗಿರಣಿಯಲ್ಲಿ ಹತ್ತಿಯ ಅಂಡಿಗೆ, ಅಂದರೆ ಬಿಗಿದು ಕಟ್ಟಿದ ದೊಡ್ಡ ಮೂಟೆ, ಬಿಚ್ಚುವ ಕೋಣೆಯಲ್ಲಿದ್ದ. ಆ ಕೋಣೆಯಿಂದ ಹೊರಬಂದವರ ಹುಬ್ಬು, ಮೀಸೆಯೆಲ್ಲ ಬಿಳಿ. ಗಂಡ ಹೆಂಡತಿ ಬೆಳಗಿನ ರೈಲಿಗೆ ಹರಿಹರದಿಂದ ಬಂದು ಸಂಜೆಯ ರೈಲಿಗೆ ಮರಳುವರು.

ನನಗೆ ಚಿಕ್ಕಂದಿನಿಂದ ದಮ್ಮು. ಹತ್ತು ವರ್ಷ ತುಂಬುವಷ್ಟರಲ್ಲಿ ಊರಿನ ವೈದ್ಯರೆಲ್ಲ ಕೈಚೆಲ್ಲಿದರು. ಮುಂಬಯಿಯ ಡಾಕ್ಟರೊಬ್ಬರು ಗುಡ್ಡದ ಗಾಳಿಗೆ ಕರೆದೊಯ್ಯಿರಿ ಎಂದರು. ಕೆಮ್ಮಣ್ಣುಗುಂಡಿಯಾದರೂ ನಡೆಯುತ್ತಿತ್ತೇನೋ, ಅಪ್ಪನಿಗೆ ಎಲ್ಲದರಲ್ಲೂ ದೊಡ್ಡದೇ ಆಗಬೇಕು. ಐವತ್ತಾರನೇ ಇಸವಿಯ ಜೂನ್‌ನಲ್ಲಿ ಅವ್ವ, ನಾನು, ಕೊಟ್ರವ್ವ ಹಡಗು ಹತ್ತಿದೆವು. ಕಂಡವರ ಕೈಯಡುಗೆ ಅವ್ವ ಮುಟ್ಟುವುದಿಲ್ಲವೆಂದು ಕೊಟ್ರವ್ವ, ಅವಳ ಹಿಂದೆ ಎರಡು ಡಬ್ಬಿ ಜೋಳದ ಹಿಟ್ಟು.

ನಾವು ಹೋಗಿಳಿದ ಗುಡ್ಡದ ಊರಿನ ಹೆಸರು ನಮ್ಮ ನಾಲಿಗೆಗೆ ಹೊರಳಲಿಲ್ಲ. ಕೊಟ್ರವ್ವ ಅದನ್ನು ಮ್ಯಾಲಿನೂರು ಎಂದು ಕರೆದು ಮುಗಿಸಿದಳು. ಇಳಿಜಾರಿನ ತುಂಬ ಮೊಣಕಾಲೆತ್ತರದ ಹುಲ್ಲು, ಕೊರಳಗಂಟೆ ಕಟ್ಟಿದ ದಪ್ಪ ದನ. "ಇಷ್ಟು ಹುಲ್ಲು ಐತೆ, ಒಬ್ಬರಿಗೂ ಕುಡುಗೋಲು ಹಿಡಿಯಾಕ ಬರಂಗಿಲ್ಲ, ಉದ್ದ ಕೋಲಿನ ಕತ್ತಿ ಹಿಡಕೊಂಡು ನಿಂತ್ಕೊಂಡೇ ಕೊಯ್ತಾರ" ಎಂದು ನಕ್ಕಳು. ಮೂರನೇ ವಾರಕ್ಕೆ ನಾನು ಕೆಮ್ಮದೆ ಮೆಟ್ಟಿಲು ಹತ್ತಿದೆ. ನನ್ನ ಬೆನ್ನ ಮೇಲೆ ಕೈಯಿಟ್ಟು ಉಸಿರು ನೋಡಿದ ಕೊಟ್ರವ್ವ ಅಂದು ಮತ್ತೆ ಮತ್ತೆ ಬೆನ್ನಿಗೆ ಕಿವಿಯಿಟ್ಟು ಕೇಳಿದಳು. ಅವಳಿಗೆ ಊರಲ್ಲಿ ಕೆಮ್ಮುವ ಗಂಡ ನೆನಪಾಗಿದ್ದನೆಂದು ನನಗೆ ತಿಳಿದದ್ದು ಆಮೇಲೆ.

ಊರಿಗೆ ಬಂದ ಮರುವರ್ಷವೇ ದಮ್ಮು ಮರಳಿತು. ಈ ಸಲ ಚಳಿಗಾಲಕ್ಕೆ ಬನ್ನಿ ಎಂದು ಅಲ್ಲಿಯ ಮುದುಕ ಡಾಕ್ಟರು ಬರೆದರು. ಡಿಸೆಂಬರಿನಲ್ಲಿ ಹೋದರೆ ಹುಲ್ಲಿಲ್ಲ, ದನವಿಲ್ಲ, ಕಿಟಕಿಯವರೆಗೆ ಹಿಮ. ಕೊಟ್ರವ್ವ ಇಳಕಲ್ ಸೀರೆಯ ಕೆಳಗೆ ಗಂಡಸರ ಬೂಟು ಮೆಟ್ಟಿ ಓಡಾಡಿದಳು. ಕಾಲಿಗೆ ಹಲಗೆ ಕಟ್ಟಿಕೊಂಡು ಜಾರುವ ಸಾಹೇಬರನ್ನು ಕಂಡು, "ದುಡ್ಡು ಕೊಟ್ಟು ಬೀಳಾಕ ಬರ್ತಾರಲ್ಲ!" ಎಂದಳು.

ಒಂದು ದಿನ ಡಾಕ್ಟರು ನನ್ನನ್ನು ಪರೀಕ್ಷಿಸಿದ ಮೇಲೆ ಕೊಟ್ರವ್ವ, "ಅಮ್ಮಾರೆ, ನಮ್ಮನಿಯವರ ಕೆಮ್ಮಿಗೂ ಏನಾರ ಕೇಳ್ರಿ" ಎಂದಳು. ಅವ್ವ ಇಂಗ್ಲಿಷಿನಲ್ಲಿ ಕೇಳಿದಳು. ಅವನ ಕೆಲಸವೇನು, ವಾರದಲ್ಲಿ ಯಾವ ದಿನ ಕೆಮ್ಮು ಹೆಚ್ಚು ಎಂದು ಡಾಕ್ಟರು ಕೇಳಿದರು. ಗಿರಣಿಯ ಕೆಲಸವೆಂದು ಅವ್ವ ತಾನೇ ಹೇಳಿ, ದಿನವನ್ನು ಕೊಟ್ರವ್ವನಿಗೆ ಕನ್ನಡದಲ್ಲಿ ಕೇಳಿದಳು.

"ಸೋಮವಾರ" ಎಂದಳು ಕೊಟ್ರವ್ವ, ಯೋಚಿಸದೆ. "ಐತವಾರ ಮನ್ಯಾಗ ಆರಾಮ ಇರ್ತಾರ. ಸೋಮವಾರ ಗಿರಣಿಗೆ ಹೋಗಿಬಂದ್ರ ಎದಿ ಹಿಡಕೊಂಡು ಕುಂದರ್ತಾರ."

ಡಾಕ್ಟರು ಪೆನ್ನು ಕೆಳಗಿಟ್ಟು ಬಹಳ ಹೊತ್ತು ಮಾತಾಡಿದರು. ಇದು ಹತ್ತಿಯ ಧೂಳಿನ ರೋಗ, ಅವನನ್ನು ಕೂಡಲೇ ಆ ಕೋಣೆಯಿಂದ ತೆಗೆಯಿರಿ, ತಡಮಾಡಿದರೆ ಬದುಕುವುದಿಲ್ಲ. ಮನೆಪಾಠದ ನನ್ನ ಇಂಗ್ಲಿಷಿಗೂ ಅಷ್ಟು ಅರ್ಥವಾಯಿತು. ಅವ್ವ ಸೆರಗು ಸರಿಮಾಡಿಕೊಂಡು, "ಹಾಲು ತುಪ್ಪ ಚೆನ್ನಾಗಿ ತಿನ್ನಲಿ ಅಂತಾರೆ" ಎಂದಳು.

ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಒಲೆಯ ಮುಂದೆ ಬಟ್ಟೆ ಒಣಗಿಸುತ್ತಿದ್ದ ಕೊಟ್ರವ್ವನಿಗೆ ಎಲ್ಲ ಹೇಳಿಬಿಟ್ಟೆ.

"ಗೊತ್ತೈತೆ ಬಿಡು ತಂಗಿ. ಹಾಲು ತುಪ್ಪಕ್ಕ ಅಷ್ಟುದ್ದ ಮಾತು ಬೇಕೇನು?" ಎಂದಳು. ಆಮೇಲೆ ದನಿ ತಗ್ಗಿಸಿ, "ನಿಮ್ಮವ್ವನ ಮುಂದ ಅನಬ್ಯಾಡ. ಊರಿಗೆ ಹೋಗೋ ಟಿಕೀಟು ಅವರ ಕೈಯಾಗೈತೆ" ಎಂದಳು.

ಮಾರ್ಚಿನಲ್ಲಿ ಮನೆ ಸೇರಿದೆವು. ಮೈ ತುಂಬಿಕೊಂಡ ನನ್ನನ್ನು ಕಂಡು ಅಪ್ಪ ಹಿಗ್ಗಿದರು. "ಕೊಟ್ರವ್ವ, ಏನು ಬೇಕು ಕೇಳು" ಎಂದರು.

"ನಮ್ಮನಿಯವರನ್ನ ಗಿರಣಿ ಗೇಟು ಕಾಯಾಕ ಹಾಕ್ರಿ, ಸಾಹುಕಾರ್ರೆ."

"ಹನ್ನೆರಡು ವರ್ಷ ಪಳಗಿದ ಕೈ, ಗೇಟಿಗ್ಯಾಕೆ? ಸೀರೆ ಕೇಳು, ಬಳೆ ಕೇಳು."

ಕೊಟ್ರವ್ವ ಅವ್ವನನ್ನೇ ನೋಡಿದಳು. ಅವ್ವನ ಮುಖ ಕೆಂಪಾಯಿತು. "ಹಾಕ್ರಿ. ಆ ಧೂಳಿನಾಗ ಇದ್ರೆ ಉಳಿಯೋದಿಲ್ಲ ಅಂತ ಡಾಕ್ಟರು ಹೇಳಿದ್ರು. ನಾನೇ ಮುಚ್ಚಿಟ್ಟೆ" ಎಂದಳು. ನನಗೆ ಅವ್ವನ ಮೇಲೆ ಅಷ್ಟು ಸಿಟ್ಟು, ಅಷ್ಟು ಪ್ರೀತಿ ಒಟ್ಟಿಗೆ ಬಂದದ್ದು ಅದೊಂದೇ ಸಲ. ಮೈಲಪ್ಪ ಗೇಟಿಗೆ ಬಂದ. ದೀಪಾವಳಿಯ ಹೊತ್ತಿಗೆ ಕೆಮ್ಮು ಅರ್ಧ ಇಳಿದಿತ್ತು.

ಅವನು ಬಿಟ್ಟ ಜಾಗಕ್ಕೆ ಅದೇ ವಾರ ಸೇರಿದವನು ಸಣ್ಣಬೀರಪ್ಪ, ಕೊಟ್ರವ್ವನ ತಂಗಿಯ ಗಂಡ. ಬ್ಯಾಡ ಎಂದು ಅವಳು ಹರಿಹರದ ಸ್ಟೇಷನ್ನಿನಲ್ಲೇ ಅಡ್ಡ ನಿಂತಳಂತೆ. "ನಿನ್ನ ಗಂಡಗ ಗೇಟು ಸಿಕ್ತು. ನನಗೇನು ಸಿಗತೈತೆ?" ಎಂದು ಅವನು ರೈಲು ಹತ್ತಿದ.

ಎರಡು ವರ್ಷಕ್ಕೆ ಅವನಿಗೂ ಸೋಮವಾರ ಬಂತು. ಕೊಟ್ರವ್ವ ಮತ್ತೆ ಅಪ್ಪನ ಮುಂದೆ ನಿಂತಳು.

"ಎಲ್ಲರನ್ನೂ ಗೇಟಿಗೆ ಕೂರಿಸಿದರೆ ಅಂಡಿಗೆ ಬಿಚ್ಚೋರು ಯಾರು?" ಎಂದರು ಅಪ್ಪ.

ಅವಳು ಅವ್ವನ ಕಡೆ ನೋಡಿದಳು. ಅವ್ವ ಎದ್ದು ಒಳಗೆ ಹೋದಳು. ಆಮೇಲೆ ಕೊಟ್ರವ್ವ ನನ್ನ ಕಡೆ ನೋಡಿದಳು. ನನಗಾಗ ಹದಿನಾಲ್ಕು, ಎಲ್ಲ ತಿಳಿಯುವ ವಯಸ್ಸು. ನಾನು ಬಾಯಿ ಬಿಡಲಿಲ್ಲ.

ಸಣ್ಣಬೀರಪ್ಪ ಅರವತ್ತಾರನೇ ಇಸವಿಯಲ್ಲಿ ಅದೇ ಕೆಮ್ಮಿಗೆ ಸತ್ತ.