ನಾರು ಕಚ್ಚಿದ ತುಟಿ

ಸವಣೂರಿನ ಆ ಸತ್ಕಾರ ಸಭೆಯಲ್ಲಿ ನನ್ನ ಕೊರಳಿಗೆ ಹಾಕಿದ ಹಾರವನ್ನು ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಮಗಳು ಭಾಗ್ಯಶ್ರೀ ವೇದಿಕೆಯ ಮೇಲೆ ನಿಂತು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು, ಒಂದು ಮಾತೂ ತಿಳಿಯಲಿಲ್ಲ. ಆದರೂ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೆ. ಯಾವುದಕ್ಕೆ ಹೊಡೆದೆ ಅನ್ನುವುದು ಮುಂದಿನ ವರ್ಷ ಗೊತ್ತಾಯಿತು. ತಿಳಿಯದವನ ಕೈಯಿಂದ ಆ ಚಪ್ಪಾಳೆ ಹೊಡೆಸಿಕೊಂಡಳಲ್ಲ, ಆ ಸಿಟ್ಟು ಇನ್ನೂ ಆರಿಲ್ಲ.

ಅವತ್ತು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ದಿಲ್ಶಾದಳೂ ಚಪ್ಪಾಳೆ ಹೊಡೆದಳು. ನಾನು ಹೇಳಬೇಕಾದದ್ದು ಅವಳ ವಿಷಯ.

ದಿಲ್ಶಾದ ಬದುವಿನಾಚೆಯ ಉಸ್ಮಾನಸಾಬನ ಮಗಳು. ಅವರದೂ ವೀಳ್ಯದೆಲೆಯ ತೋಟ, ನಮ್ಮದೂ ಎಲೆತೋಟ, ನಡುವೆ ಒಂದೇ ಬಾವಿ. ನನ್ನ ಮಗಳೂ ಅವಳೂ ಒಂದೇ ತರಗತಿ. ತೆಳ್ಳನೆಯ ಹುಡುಗಿ, ಮಾತು ಕಡಿಮೆ, ಆಡಿದರೆ ಚುರುಕು. ನಾನು ಯಾರ ಮೇಲಾದರೂ ಒದರಾಡಿದರೆ ಬದುವಿನ ಆಚೆಯಿಂದಲೇ ಅನ್ನುತ್ತಿದ್ದಳು: "ಚನ್ನೇಶ ಕಾಕಾನ ಸಿಟ್ಟು ಸ್ಟೋವ್ ಇದ್ದಂಗ. ಯಾರೂ ಪಂಪ್ ಹೊಡೀಬ್ಯಾಡ್ರಿ, ತಾನ ಆರತೈತಿ." ನನಗೆ ಹೀಗೆ ಅಂದು ಬಚಾವಾದವರು ಊರಲ್ಲಿ ಅವಳೊಬ್ಬಳೇ.

ನಮ್ಮ ಕಡೆ ಎಲೆ ಕೊಯ್ದ ಮೇಲೆ ಹೆಣ್ಣುಮಕ್ಕಳ ಕೆಲಸ. ಸಣ್ಣದು ದೊಡ್ಡದು ಬೇರೆ ಮಾಡಿ, ಒಂದರ ಮೇಲೊಂದು ಒಪ್ಪವಾಗಿ ಪೇರಿಸಿ, ಬಾಳೆನಾರಿನಿಂದ ಪೆಂಡಿ ಕಟ್ಟಬೇಕು. ಎರಡೂ ಕೈಯಲ್ಲಿ ಎಲೆ ಇರುತ್ತದೆ, ಹೀಗಾಗಿ ನಾರಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯಬೇಕು. ಮುಂಜಾನೆಯ ಟೆಂಪೋ ಹೋಗುವುದರೊಳಗೆ ಪೆಂಡಿ ಆಗದಿದ್ದರೆ ಅವತ್ತಿನ ಎಲೆ ಬಾಡಿಹೋದಂತೆಯೇ.

ಇನ್ನೊಂದು ನಮ್ಮಲ್ಲಿ ಉಂಟು, ಮುಯ್ಯಿ. ಬಳ್ಳಿ ಇಳಿಸಿ ಕಟ್ಟುವ ಕಾಲಕ್ಕೆ ಅವರ ಮನೆಯವರೆಲ್ಲ ನಮ್ಮ ತೋಟಕ್ಕೆ ಬರುತ್ತಾರೆ, ಅವರ ಪಾಳಿ ಬಂದಾಗ ನಮ್ಮ ಮನೆಯವರೆಲ್ಲ ಅಲ್ಲಿಗೆ. ಕೂಲಿಯ ಮಾತಿಲ್ಲ. ಕೈಗೆ ಕೈಯೇ ಕೊಡಬೇಕು. ಉಸ್ಮಾನಸಾಬನ ಅಪ್ಪ, ನನ್ನ ಅಪ್ಪ ಇದ್ದಾಗಿನಿಂದ ಆ ಬದುವಿನ ಮೇಲೆ ಮುಯ್ಯಿ ತಪ್ಪಿದ್ದಿಲ್ಲ.

ಹುಡುಗಿಯರು ಪಿಯುಸಿ ಎರಡನೆಯ ವರ್ಷಕ್ಕೆ ಬಂದಾಗ ಕಾಲೇಜಿನ ಮಾಸ್ತರೊಬ್ಬರು ಉತ್ತರದ ಕಡೆಯ ಒಂದು ದೊಡ್ಡ ವಿಶ್ವವಿದ್ಯಾಲಯದ ಆಸೆ ಹಚ್ಚಿದರು. ದೇಶದ ತುಂಬ ಮಕ್ಕಳು ಬರೆಯುವ ಪರೀಕ್ಷೆ, ಅದರಲ್ಲಿ ಪಾಸಾದರೆ ಎದುರಿಗೆ ಕೂಡಿಸಿಕೊಂಡು ಸಂದರ್ಶನ. ಪಿಯುಸಿ ಮುಗಿದ ವರ್ಷ ಒಮ್ಮೆ, ಮರುವರ್ಷ ಒಮ್ಮೆ ಕೂಡಬಹುದು, ಆಮೇಲಿಲ್ಲ. ಇಬ್ಬರಿಗೂ ಹುಚ್ಚು ಹತ್ತಿತು. ಎಲೆಯೂ ಕಟ್ಟಿ ಆ ಓದೂ ಓದುವುದು ಆಗದ ಮಾತಾಗಿತ್ತು. ಒಂದು ದಿನ ಬಾವಿಯ ಹತ್ತಿರ ಮೋಟಾರು ಬಿಚ್ಚಿಕೊಂಡು ಕೂತಿದ್ದೆ, ಇಬ್ಬರೂ ಬಂದು ಕಟ್ಟೆಯ ಮೇಲೆ ಕೂತರು.

"ನೋಡ ದಿಲ್ಲು, ಇಬ್ಬರೂ ಅರ್ಧಮರ್ಧ ಓದಿದ್ರ ಇಬ್ಬರೂ ಇಲ್ಲೇ ಉಳೀತೇವಿ," ಅಂದಳು ನನ್ನ ಮಗಳು. "ಈ ವರ್ಷ ನನ್ನ ಪಾಲಿನ ಎಲಿ ನೀ ಕಟ್ಟು, ನಾ ಓದ್ತೇನಿ. ಮುಂದಿನ ವರ್ಷ ನಿನಗ ಕಲಿಸಿ ದಾಟಸೋದು ನಂದು."

"ನೀ ಅಷ್ಟ ದೂರ ಹ್ವಾದ ಮ್ಯಾಲ ಈ ಬಾವಿ ನೆನಪಿರ್ತೈತೇನ?"

"ದಿನಾ ಸಂಜಿಮುಂದ ಫೋನಿನ್ಯಾಗ ಕಲಸ್ತೇನಿ. ಸೂಟಿಗೆ ಬಂದು ಎದುರಿಗೆ ಕುಂಡ್ರತೇನಿ. ಮುಯ್ಯಿ ಇದು, ಯಾರರ ಮರೀತಾರೇನ?"

ನಾನು ನಟ್ಟು ಬಿಗಿಯುತ್ತಲೇ ಅಂದೆ: "ಆಕಿ ಮರತ್ರ ನಾ ಅದೇನಿ. ನಾ ಜಾಮೀನು."

"ಕಾಕಾ ಜಾಮೀನಂದ್ರ ಮುಗೀತು," ಎಂದು ದಿಲ್ಶಾದ ನಕ್ಕಳು. ಭಾಗ್ಯಾ ಲೆಕ್ಕದಲ್ಲಿ ಮುಂದು, ಮೊದಲ ಪಾಳಿ ಅವಳದೇ ಇರಲಿ ಎಂದು ತಾನೇ ಒಪ್ಪಿಕೊಂಡಳು.

ಆ ವರ್ಷ ದಿಲ್ಶಾದ ಎರಡು ಮನೆಯ ಎಲೆ ಕಟ್ಟಿದಳು. ನಮ್ಮ ಪಡಸಾಲೆಯಲ್ಲಿ ಭಾಗ್ಯಾ ಬಾಗಿಲು ಮುಂದೆ ಮಾಡಿ ಓದುವಳು, ಹೊರಗೆ ಕಟ್ಟೆಯ ಮೇಲೆ ತೊಯ್ದ ಗೋಣಿತಟ್ಟು ಹಾಸಿಕೊಂಡು ದಿಲ್ಶಾದ ಪೆಂಡಿ ಕಟ್ಟುವಳು. ಆಮೇಲೆ ಅದೇ ಕೈ ತೊಳೆದು ಕಾಲೇಜಿಗೆ ಓಡುವಳು. ಎರಡು ಮನೆಯ ನಾರು ಕಚ್ಚಿ ಕಚ್ಚಿ ಅವಳ ತುಟಿಯ ಬಲತುದಿ ಸೀಳಿತು. ವಾಸಿಯಾಗುವುದರೊಳಗೆ ಮತ್ತೆ ಸೀಳುವುದು. ಅವಳ ತಾಯಿ ಮುಮ್ತಾಜಬೇಗಂ ಬೆಣ್ಣೆ ಹಚ್ಚುತ್ತ ಗೊಣಗಿದರೆ, "ಲಿಪಸ್ಟಿಕ್ ಹಚ್ಚೇನಿ ಅಂತ ತಿಳ್ಕೋ ಅಮ್ಮಾ," ಅನ್ನುವಳು. ಈಗಲೂ ಅಲ್ಲಿ ಒಂದು ಬಿಳಿ ಗೆರೆ ಇದೆ.

ಭಾಗ್ಯಾಗೆ ಸೀಟು ಸಿಕ್ಕಿತು. ನಮ್ಮ ತಾಲ್ಲೂಕಿನಿಂದ ಅಲ್ಲಿಗೆ ಹೋದವರು ಅವಳಿಗಿಂತ ಮೊದಲು ಯಾರೂ ಇಲ್ಲ ಅಂದರು. ಸತ್ಕಾರ ಇಟ್ಟರು. ಅವಳು ಮಾತಾಡುತ್ತ ಮಾತಾಡುತ್ತ ಒಮ್ಮೆ ಬೆರಳಿನಿಂದ ತನ್ನ ತುಟಿಯ ತುದಿಯನ್ನು ಮುಟ್ಟಿ ತೋರಿಸಿದಳು. ಮುಂದಿನ ಸಾಲಿನ ದೊಡ್ಡವರೆಲ್ಲ ಚ್ಚುಚ್ಚು ಅಂದರು.

"ಏನಂತವಾ ಆಕಿ ಹೇಳಾಕತ್ತಿದ್ದು?" ಎಂದು ದಿಲ್ಶಾದಳನ್ನು ಕೇಳಿದೆ.

"ಎಲಿ ಕೆಲಸದ್ದು ಹೇಳಿದ್ಲು ಕಾಕಾ. ಚಲೋ ಹೇಳಿದ್ಲು."

ಭಾಗ್ಯಾ ಹೋದಳು. ಮೊದಮೊದಲು ಸಂಜೆ ಫೋನು ಬಂತು. ಆಮೇಲೆ ದಿಲ್ಶಾದಳೇ ಹಚ್ಚಿದರೆ ಎತ್ತುತ್ತಿದ್ದಳು. ಆಮೇಲೆ ಅದೂ ಇಲ್ಲ. ಚಳಿಗಾಲದ ಸೂಟಿಗೆ ಬರುತ್ತೇನೆ ಅಂದವಳು ಗೆಳತಿಯರ ಜೊತೆ ಯಾವುದೋ ಗುಡ್ಡ ನೋಡಲು ಹೋದಳು. ನಾನು ಫೋನಿನಲ್ಲಿ ಕೂಗಾಡಿದೆ, "ಪರೀಕ್ಷಾ ಅದಾವಪ್ಪಾ," ಅಂದಳು. ಇತ್ತ ದಿಲ್ಶಾದಳ ಪಾಲಿನ ಎಲೆಗೆ ನಾನೇ ಕೂತೆ. ನನ್ನ ಪೆಂಡಿ ನೋಡಿ ಉಸ್ಮಾನಸಾಬ, "ಇದೇನ ಎಲಿ ಕಟ್ಟಿಯೋ, ದನಕ್ಕ ಹಾಕೋ ಕಣಕಿ ಕಟ್ಟಿಯೋ?" ಎಂದು ನಗುತ್ತಿದ್ದ. ನಗಲಿ, ಹುಡುಗಿಗೆ ಓದಲು ಹೊತ್ತು ಸಿಕ್ಕಿತಲ್ಲ. ಕಲಿಸುವವರಿಲ್ಲದೆ ಒಬ್ಬಳೇ ತಿಣುಕಾಡಿ ಬರೆದಳು. ಬರೆದು ಪಾಸಾದಳು!

ಸಂದರ್ಶನ ಬೆಂಗಳೂರಿನಲ್ಲಿ. ಉಸ್ಮಾನಸಾಬನಿಗೆ ಬೆನ್ನುಬೇನೆ, ಅದಕ್ಕೆ ನಾನೂ ಮುಮ್ತಾಜಬೇಗಮಳೂ ಯಲವಿಗಿಯಲ್ಲಿ ಅವಳನ್ನು ರೈಲು ಹತ್ತಿಸಿಕೊಂಡು ಹೋದೆವು. ಒಳಗೆ ಹೋಗುವಾಗ ನಗುತ್ತ ಹೋದಳು. ಹೊರಗೆ ಬಂದವಳ ಮುಖ ನೋಡಿ ಅವಳ ತಾಯಿ ನೀರಿನ ಬಾಟಲಿ ಕೈಗೆ ಕೊಟ್ಟಳು. ಸ್ಟೇಷನ್ನಿನ ಬೆಂಚಿನ ಮೇಲೆ ಕೂತ ಮೇಲೆಯೇ ಬಾಯಿ ಬಿಟ್ಟದ್ದು.

"ನಿನ್ನ ಬದುಕಿನ ಬಗ್ಗೆ ಹೇಳು ಅಂದ್ರು ಕಾಕಾ. ಎರಡು ಮನಿ ಎಲಿ ಕಟ್ಟಿ ಕಾಲೇಜಿಗೆ ಹೋಗ್ತಿದ್ದೆ, ನಾರು ಕಚ್ಚಿ ತುಟಿ ಸೀಳತಿತ್ತು ಅಂದೆ. ಒಬ್ಬ ಮೇಡಮ್ ಪೆನ್ನು ಕೆಳಗ ಇಟ್ರು. ಹೋದ ವರ್ಷ ನಿಮ್ಮೂರಿನ ಹುಡುಗಿ ಬಾಯಾಗ ಇದನ್ನ ಕೇಳೇವಿ, ಈ ತುಟಿ ಮಾತು ಸೈತ. ನಿಮ್ಮಲ್ಲಿ ಇದನ್ನ ಬಾಯಿಪಾಠ ಮಾಡಿಸಿ ಕಳಸ್ತಾರೇನ ಅಂತ ನಕ್ಕರು."

ವೇದಿಕೆಯ ಮೇಲೆ ತುಟಿ ಮುಟ್ಟಿದ ಬೆರಳು ಆಗ ನನ್ನ ಕಣ್ಣ ಮುಂದೆ ಬಂತು. ನನ್ನ ಮಗಳ ತುಟಿ ಇವತ್ತಿಗೂ ನುಣ್ಣಗಿದೆ.

"ತುಟಿ ತೋರಿಸಬೇಕಿತ್ತಲ್ಲ! ಇದು ನಂದು, ಆಕಿ ಸುಳ್ಳಿ ಅನಬೇಕಿತ್ತಲ್ಲ!"

"ಬಾಯಿ ಒಣಗಿ ಹೋತು ಕಾಕಾ. ನಾನ ಆಕಿದು ಕದ್ದೇನೇನೋ ಅನಿಸಿಬಿಡ್ತು. ಸತ್ಕಾರದಾಗ ಕೇಳಿದಾಗ, ಹೋಗ್ಲಿ, ವೇದಿಕಿ ಮಾತು ಅಂದ್ಕೊಂಡಿದ್ದೆ. ಅಲ್ಲೂ ಇದನ್ನ ಹೇಳಿ ಬಂದಾಳ ಅಂತ ನನಗೇನ ಗೊತ್ತು?"

ಅಲ್ಲೇ ನಿಂತು ಮಗಳಿಗೆ ಫೋನು ಹಚ್ಚಿದೆ. ಅವತ್ತು ಎತ್ತಿದಳು. ನಾನು ಒದರುವುದನ್ನೆಲ್ಲ ಕೇಳಿಸಿಕೊಂಡು ಮೆಲ್ಲಗೆ ಅಂದಳು: "ಅಪ್ಪಾ, ಅಲ್ಲಿ ಬರೇ ಮಾರ್ಕ್ಸ್ ಸಾಲಂಗಿಲ್ಲ. ಅಲ್ಲಿಗೆ ಬಂದವರಿಗೆಲ್ಲಾ ಮಾರ್ಕ್ಸ್ ಇರ್ತಾವು. ಎದುರಿಗೆ ಕುಂತವರಿಗೆ ಒಂದು ಕಥಿ ಬೇಕು. ನಂದೇನ ಕಥಿ ಇತ್ತು? ನನ್ನ ಕೆಲಸ ಬ್ಯಾರೆ ಹುಡುಗಿ ಮಾಡಿದ್ಲು, ನಾ ಒಳಗ ಕುಂತು ಓದಿದೆ ಅಂತ ಹೇಳ್ಲೇನ?"

"ಹೌದು! ಅದನ್ನ ಹೇಳಬೇಕಿತ್ತು! ಈಗರ ಹೇಳು. ಆ ಕೆಲಸ ದಿಲ್ಶಾದಂದು ಅಂತ ಇವತ್ತ ಅವರಿಗೆ ತಿಳಸು."

"ನನ್ನ ತಗದ ಹಾಕ್ತಾರಪ್ಪಾ. ಡಿಗ್ರಿ ಮುಗೀಲಿ, ಆಮ್ಯಾಲ ಹೇಳ್ತೇನಿ."

"ಆಮ್ಯಾಲ ಇಕಿಗೆ ಏನ ಉಪಯೋಗ?"

ಫೋನು ಕಟ್ಟಾಯಿತು. ಎರಡು ವಾರಕ್ಕೆ ಫಲಿತಾಂಶ ಬಂತು, ದಿಲ್ಶಾದಳ ಹೆಸರಿರಲಿಲ್ಲ. ಅವಳಿಗೆ ಇನ್ನೊಂದು ಸಲ ಇಲ್ಲ.

ಉಸ್ಮಾನಸಾಬ, "ಬಿಡೋ ಚನ್ನೇಶ, ಹುಡುಗ ಬುದ್ಧಿ," ಅಂದ. "ನಿನ್ನ ಮಗಳ ತುಟಿ ನೋಡಿ ಈ ಮಾತು ಹೇಳು," ಎಂದು ಅವನ ಮೇಲೂ ಹರಿಹಾಯ್ದೆ. ಅವನು ಎದ್ದು ತೋಟದೊಳಗೆ ಹೋದ. ಅಲ್ಲಿ ಏನು ಮಾಡಿದನೋ, ಬಹಳ ಹೊತ್ತು ಹೊರಗೆ ಬರಲಿಲ್ಲ.

ಈಗಲೂ ಹತ್ತಿಮತ್ತೂರಿನಿಂದ, ಬಂಕಾಪುರದಿಂದ ಜನ ಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತಾರೆ. "ಅಲ್ಲಿ ಸೀಟು ಸಿಗಬೇಕಂದ್ರ ಏನ ಬೇಕ್ರಿ? ಯಾವ ಪುಸ್ತಕ ಓದಿಸಿದ್ರಿ?" ಎಂದು ಕೇಳುತ್ತಾರೆ. "ಬಾಜೂ ಮನ್ಯಾಗ ಒಬ್ಬಾಕಿ ದಿಲ್ಶಾದ ಇರಬೇಕ್ರಿ," ಅನ್ನುತ್ತೇನೆ. ಮುದುಕನಿಗೆ ತಲೆ ಕೆಟ್ಟಿದೆ ಎಂದು ಚಹಾ ಕುಡಿದು ಹೋಗುತ್ತಾರೆ. ನಾನಿನ್ನೂ ಮುದುಕನೂ ಆಗಿಲ್ಲ.

ಭಾಗ್ಯಾ ಒಮ್ಮೆ ದೀಪಾವಳಿಗೆ ಬಂದಿದ್ದಳು. ಬದು ದಾಟಲಿಲ್ಲ. ಬಾವಿಗೆ ಸೈತ ಹೋಗಲಿಲ್ಲ, ಸ್ನಾನಕ್ಕೆ ನಳದ ನೀರು ಹಿಡಿದಳು.

ದಿಲ್ಶಾದ ಈಗ ಇಲ್ಲೇ ಸವಣೂರಿನ ಕಾಲೇಜಿನಲ್ಲಿ ಬಿ.ಎ. ಓದುತ್ತಾಳೆ, ಮುಂಜಾನೆ ಎಲೆ ಕಟ್ಟುತ್ತಾಳೆ. ನಾನೂ ದಿನಾ ಹೋಗಿ ಅವಳ ಎದುರಿಗೆ ಕೂಡುತ್ತೇನೆ. ನಾನು ಕಟ್ಟಿದ ಪೆಂಡಿಯನ್ನು ಸುಮ್ಮನೆ ಬಿಚ್ಚಿ ಮತ್ತೆ ಕಟ್ಟುತ್ತಾಳೆ. ಮೊನ್ನೆ ಅಂದಳು: "ಇನ್ನ ಬರಬ್ಯಾಡ್ರಿ ಕಾಕಾ. ನಿಮ್ಮ ಕೈ ಮುಯ್ಯಿ ಎಂದೋ ಮುಟ್ಟೈತಿ."

"ನಾ ಜಾಮೀನು ಆಗೇನವಾ."

"ಜಾಮೀನು ಆದವರು ಕೈ ಕೊಡಬಹುದು. ಆಕಿ ಹೇಳಬೇಕಾದ ಮಾತು ನೀವು ಹೆಂಗ ಹೇಳ್ತೀರಿ?"

ಹೊರಗೆ ಟೆಂಪೋದವನು ಹಾರ್ನು ಬಾರಿಸುತ್ತಿದ್ದ. ಅವಳು ಮುಂದಿನ ಪೆಂಡಿ ಕೈಗೆ ತೆಗೆದುಕೊಂಡು, ನಾರನ್ನು ಬಲಗಡೆ ಕಚ್ಚಲು ಹೋಗಿ, ತಡೆದು, ಎಡಗಡೆ ಕಚ್ಚಿದಳು.